ಲ್ಯಾಂಥನಂ ಕ್ಯುಪ್ರೇಟಿನಲ್ಲಿ ಕಾಂತಕ್ರಮ ಕಾಣುವುದು ಹೇಗೆ: ತೂಕದ ಮೇಜಿನಿಂದ ನೀಲ್ ಶೃಂಗದವರೆಗೆ

ಪ್ರಾಜೆಕ್ಟ್ ಮಾಡುವ ಎಂ.ಎಸ್ಸಿ. ವಿದ್ಯಾರ್ಥಿಗಳಿಂದಲೂ ಸಂಶೋಧನೆಗೆ ಹೊಸದಾಗಿ ಸೇರಿದವರಿಂದಲೂ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. "ಲ್ಯಾಂಥನಂ ಕ್ಯುಪ್ರೇಟ್ ತಯಾರಿಸಿದೆವು. ಎಕ್ಸ್-ಕಿರಣದ ಚಿತ್ರ ಚೆನ್ನಾಗಿದೆ. ಆದರೆ ಕಾಂತೀಯ ಅಳತೆಯಲ್ಲಿ ನೀಲ್ ಶೃಂಗ ಕಾಣಿಸುತ್ತಿಲ್ಲ. ಮ್ಯಾಗ್ನೆಟೋಮೀಟರ್ ಕೆಟ್ಟಿದೆಯೇ?" ಪರಮಾಣುಗಳ ಪುಟ್ಟ ಕಾಂತಗಳು, ಅಂದರೆ ಸ್ಪಿನ್‌ಗಳು, ಸಾಲುಗಟ್ಟಿ ನಿಲ್ಲುವುದೇ ಕಾಂತಕ್ರಮ. ಅದು ಶುರುವಾಗುವ ತಾಪಮಾನದಲ್ಲಿ ಕಾಂತೀಯ ಅಳತೆಯ ರೇಖೆ ತೋರುವ ಚೂಪಾದ ತುದಿ ನೀಲ್ ಶೃಂಗ, ಅಳೆಯುವ ಯಂತ್ರ ಮ್ಯಾಗ್ನೆಟೋಮೀಟರ್. ಈ ಯಂತ್ರ ಕೆಟ್ಟಿರುವ ಸಾಧ್ಯತೆ ಬಹಳ ಕಡಿಮೆ. ತಾಮ್ರದ ಆಕ್ಸೈಡುಗಳಲ್ಲಿ ಕಾಂತಕ್ರಮ ಉಳಿಯುತ್ತದೋ ಅಳಿಯುತ್ತದೋ ಎಂಬುದು ತೂಕ ಮಾಡುವಾಗ ಮತ್ತು ಕುಲುಮೆಯಲ್ಲಿ ಕಾಯಿಸುವಾಗಲೇ ತೀರ್ಮಾನವಾಗಿರುತ್ತದೆ. ಆಮೇಲೆ ಅಳತೆಯಲ್ಲಿ ಎಷ್ಟು ಹೆಣಗಿದರೂ ಬದಲಾಗುವುದಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮಾದರಿಯ ತಯಾರಿಕೆಗೇ ಮೀಸಲು. ಹಂತಗಳ ಅನುಕ್ರಮವನ್ನು ತಪ್ಪಿಸಬೇಡಿ. ನಾಲ್ಕನೆಯ ಹಂತ ಮುಗಿಯದೆ ಐದಕ್ಕೆ ಹೋದವರೇ ಹೆಚ್ಚಾಗಿ ಸೋಲುವವರು.

## ಮೊದಲು: ಹುಡುಕುತ್ತಿರುವುದು ಏನನ್ನು?

ಲ್ಯಾಂಥನಂ ಕ್ಯುಪ್ರೇಟಿನಲ್ಲಿ ಎರಡು ಲ್ಯಾಂಥನಂ, ಒಂದು ತಾಮ್ರ, ನಾಲ್ಕು ಆಮ್ಲಜನಕ. ತಾಮ್ರ ಮತ್ತು ಆಮ್ಲಜನಕ ಸೇರಿ ಚೌಕುಳಿ ಪದರಗಳಾಗಿರುತ್ತವೆ. ಪ್ರತಿ ತಾಮ್ರದ ಮೇಲೂ ಅರ್ಧ ಸ್ಪಿನ್ ಇದೆ, ನೆರೆಹೊರೆಯ ಸ್ಪಿನ್‌ಗಳು ಪರಸ್ಪರ ವಿರುದ್ಧ ದಿಕ್ಕಿಗೆ ನಿಲ್ಲುತ್ತವೆ. ಇದು ಆಂಟಿಫೆರೋಮ್ಯಾಗ್ನೆಟಿಕ್ ಕ್ರಮ. ಆಮ್ಲಜನಕದ ಪ್ರಮಾಣ ಸರಿಯಾಗಿ ನಾಲ್ಕೇ ಇರುವ ಮಾದರಿಯಲ್ಲಿ ಇದು ಸುಮಾರು 325 ಕೆಲ್ವಿನ್‌ಗಿಂತ ಕೆಳಗೆ ನೆಲೆಗೊಳ್ಳುತ್ತದೆ. ಆ ಬಿಂದುವೇ ನೀಲ್ ತಾಪಮಾನ.

ಅರ್ಧ ಸ್ಪಿನ್‌ಗಳು ಒಂದು ದಿಕ್ಕಿಗೆ, ಅಂದರೆ ಒಟ್ಟು ಸ್ಪಿನ್‌ಗಳಲ್ಲಿ ಅರ್ಧದಷ್ಟು, ಉಳಿದರ್ಧ ವಿರುದ್ಧ ದಿಕ್ಕಿಗೆ ನಿಂತರೆ ಒಟ್ಟು ಕಾಂತತೆ ಸೊನ್ನೆಯಾಗಬೇಕು. ಹಾಗಿದ್ದರೆ ಮ್ಯಾಗ್ನೆಟೋಮೀಟರ್‌ನಲ್ಲಿ ಶೃಂಗ ಏಕೆ ಕಾಣಬೇಕು? ಸ್ಫಟಿಕದಲ್ಲಿ ತಾಮ್ರವನ್ನು ಸುತ್ತುವರಿದ ಆಮ್ಲಜನಕದ ಅಷ್ಟಮುಖಿಗಳು ತುಸು ವಾಲಿರುತ್ತವೆ. ಆ ವಾಲಿಕೆಯಿಂದ ಸ್ಪಿನ್‌ಗಳು ಪದರದಿಂದ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಹೊರಗೆ ಬಾಗುತ್ತವೆ. ಹೀಗಾಗಿ ಪ್ರತಿ ಪದರಕ್ಕೂ ಒಂದು ದುರ್ಬಲ ಕಾಂತತೆ ಒದಗುತ್ತದೆ. ಪಕ್ಕದ ಪದರ ಅದನ್ನು ರದ್ದು ಮಾಡುತ್ತದೆ. ನೀಲ್ ತಾಪಮಾನದ ಹತ್ತಿರ ಈ ಬಾಗಿದ ಭಾಗ ಹೊರಗಿನ ಕ್ಷೇತ್ರಕ್ಕೆ ಅತಿ ಹೆಚ್ಚು ಸ್ಪಂದಿಸುತ್ತದೆ, ಶೃಂಗ ಬರುವುದು ಅದರಿಂದ. ಇದು ಸಣ್ಣ ಸಂಕೇತ ಎಂಬುದನ್ನು ಈಗಲೇ ಮನಸ್ಸಿನಲ್ಲಿಡಿ. ಇಡೀ ವಸ್ತುವಿನ ಕಾಂತಪ್ರವೃತ್ತಿ, ಅಂದರೆ ಹೊರಗಿನ ಕ್ಷೇತ್ರಕ್ಕೆ ಅದು ಸ್ಪಂದಿಸುವ ಪ್ರಮಾಣ, ಒಂದು ಮೋಲಿಗೆ 10⁻⁴ ಇಎಂಯು (ಕಾಂತತೆಯ ಒಂದು ಏಕಮಾನ) ಆಸುಪಾಸಿನಲ್ಲಿದೆ.

ಇನ್ನೊಂದು ಸಂಖ್ಯೆ ಈ ಇಡೀ ಕೆಲಸದ ಕೀಲಿ. ಒಂದು ತಾಮ್ರಕ್ಕೆ 0.02ರಷ್ಟು ಹೋಲ್‌ಗಳು, ಅಂದರೆ ಧನಾವೇಶದ ಖಾಲಿ ಜಾಗಗಳು, ಸೇರಿದರೆ ದೂರವ್ಯಾಪಿ ಕಾಂತಕ್ರಮ ಪೂರ್ತಿ ನಾಶವಾಗುತ್ತದೆ. ನೂರು ತಾಮ್ರಗಳಿಗೆ ಎರಡೇ ಹೋಲ್ ಸಾಕು. ಹೆಚ್ಚುವರಿಯಾಗಿ ಒಳಗೆ ಸೇರಿದ ಪ್ರತಿ ಆಮ್ಲಜನಕ ಎರಡು ಹೋಲ್ ಕೊಡುತ್ತದೆ. ಹಾಗಾಗಿ ಸೂತ್ರದಲ್ಲಿ ಆಮ್ಲಜನಕ 4 ಇರುವ ಬದಲು 4.01 ಆದರೂ ನಿಮ್ಮ ಶೃಂಗ ಹೋದಂತೆಯೇ.

## ಬೇಕಾಗುವ ಸಾಮಗ್ರಿ

ಶೇಕಡಾ 99.99 ಶುದ್ಧತೆಯ ಲ್ಯಾಂಥನಂ ಆಕ್ಸೈಡ್, ತಾಮ್ರದ ಆಕ್ಸೈಡ್ (ಕಪ್ಪು ಬಣ್ಣದ್ದು, ಕೆಂಪಲ್ಲ), ಮುಂದಿನ ಹಂತಕ್ಕೆ ಸ್ಟ್ರಾಂಷಿಯಂ ಕಾರ್ಬೊನೇಟ್. 0.1 ಮಿಲಿಗ್ರಾಂ ತೋರಿಸುವ ತೂಕಯಂತ್ರ. ಅಗೇಟ್ ಮಾರ್ಟರ್ (ಗಟ್ಟಿ ಕಲ್ಲಿನ ಕುಟ್ಟಾಣಿ). ಅಲ್ಯುಮಿನಾ ಮೂಸೆಗಳು. 1100 ಡಿಗ್ರಿ ಸೆಲ್ಸಿಯಸ್ ತಲುಪುವ ಪೆಟ್ಟಿಗೆ ಕುಲುಮೆ, ಜೊತೆಗೆ ಅನಿಲ ಹರಿಸಬಲ್ಲ ಕೊಳವೆ ಕುಲುಮೆ. ಅತಿಶುದ್ಧ ದರ್ಜೆಯ ಆರ್ಗಾನ್. ಡೆಸಿಕೇಟರ್ (ತೇವ ತಾಗದಂತೆ ಇಡುವ ಮುಚ್ಚಿದ ಪಾತ್ರೆ). ಪೆಲೆಟ್, ಅಂದರೆ ಪುಡಿಯ ಬಿಲ್ಲೆ, ಒತ್ತುವ ಡೈ ಮತ್ತು ಹೈಡ್ರಾಲಿಕ್ ಪ್ರೆಸ್. ಪ್ಲಾಸ್ಟಿಕ್ ಅಥವಾ ಟೆಫ್ಲಾನ್ ಸ್ಪ್ಯಾಚುಲಾ.

ಕೊನೆಯದನ್ನು ಮರೆಯಬೇಡಿ. ಸ್ಟೀಲ್ ಸ್ಪ್ಯಾಚುಲಾ ಈ ಮಾದರಿಯ ಹತ್ತಿರ ಸುಳಿಯಲೇಬಾರದು. ಲೆಕ್ಕ ಹಾಕಿ ನೋಡಿ: 200 ಮಿಲಿಗ್ರಾಂ ಲ್ಯಾಂಥನಂ ಕ್ಯುಪ್ರೇಟ್ 1 ಟೆಸ್ಲಾ ಕ್ಷೇತ್ರದಲ್ಲಿ ಕೊಡುವ ಸಂಕೇತ ಸುಮಾರು 5×10⁻⁴ ಇಎಂಯು. ಒಂದೇ ಒಂದು ಮೈಕ್ರೋಗ್ರಾಂ ಕಬ್ಬಿಣ ಕೊಡುವ ಸಂಕೇತ 2×10⁻⁴ ಇಎಂಯುಗಿಂತ ಹೆಚ್ಚು. ಕಣ್ಣಿಗೆ ಕಾಣದ ಒಂದು ಕಬ್ಬಿಣದ ಚೂರು ನಿಮ್ಮ ಅಳತೆಯ ಅರ್ಧಕ್ಕೆ ಸಮ.

ಸುರಕ್ಷತೆಯ ವಿಷಯ ಚುಟುಕಾಗಿ: ಪುಡಿ ಅರೆಯುವಾಗ ಮುಖಗವಸು ಧರಿಸಿ. ಆರ್ಗಾನ್ ಹರಿಯುವ ಕೋಣೆಯಲ್ಲಿ ಗಾಳಿ ಆಡುತ್ತಿರಲಿ, ಏಕೆಂದರೆ ಅದು ವಾಸನೆಯಿಲ್ಲದೆ ಉಸಿರುಗಟ್ಟಿಸುತ್ತದೆ. ಸ್ಟ್ರಾಂಷಿಯಂ ಬದಲು ಬೇರಿಯಂ ಬಳಸುವವರು ಬೇರಿಯಂ ಕಾರ್ಬೊನೇಟ್ ವಿಷ ಎಂಬುದನ್ನು ಮರೆಯಬಾರದು.

## ಹಂತ 1: ಲ್ಯಾಂಥನಂ ಆಕ್ಸೈಡನ್ನು ಒಣಗಿಸುವುದು

ನಾನು ಕಂಡಂತೆ ಅತಿ ಹೆಚ್ಚು ಮಾದರಿಗಳು ಕೆಡುವುದು ಇಲ್ಲಿ. ಲ್ಯಾಂಥನಂ ಆಕ್ಸೈಡ್ ಮಳೆಗಾಲದ ಉಪ್ಪಿನ ಡಬ್ಬಿಯಂತೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆದರೆ ಉಪ್ಪು ನೀರೊಡೆಯುವುದು ಕಣ್ಣಿಗೆ ಕಾಣುತ್ತದೆ, ಇದು ಬಿಳಿ ಪುಡಿಯಾಗಿಯೇ ಉಳಿದು ಒಳಗೊಳಗೇ ಹೈಡ್ರಾಕ್ಸೈಡ್ ಆಗಿಬಿಡುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. ಮಂಗಳೂರು, ಕಾರವಾರದ ಕಡೆ ಜುಲೈ ತಿಂಗಳಲ್ಲಿ ಬಾಟಲಿ ತೆರೆದು ನೇರವಾಗಿ ತೂಕ ಮಾಡಿದರೆ ತೂಗುತ್ತಿರುವುದು ಏನೆಂದು ಯಾರಿಗೂ ಹೇಳಲಾಗದು.

ಪೂರ್ತಿ ಹೈಡ್ರಾಕ್ಸೈಡ್ ಆಗಿದ್ದರೆ ನೀವು ಹಾಕಿದ ತೂಕದಲ್ಲಿ ಲ್ಯಾಂಥನಂ ಶೇಕಡಾ 14ರಷ್ಟು ಕಡಿಮೆ ಇರುತ್ತದೆ. ಅರೆಬರೆ ಆಗಿದ್ದರೂ ನಾಲ್ಕೈದು ಶೇಕಡಾ ತಪ್ಪು ಖಚಿತ.

ಮಾಡಬೇಕಾದದ್ದು: ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಆಕ್ಸೈಡನ್ನು ಮೂಸೆಗೆ ಹಾಕಿ 950 ಡಿಗ್ರಿಯಲ್ಲಿ ರಾತ್ರಿಯಿಡೀ ಕಾಯಿಸಿ. ಕುಲುಮೆ 200 ಡಿಗ್ರಿಗೆ ಇಳಿದಾಗ ಮೂಸೆಯನ್ನು ಇಕ್ಕಳದಿಂದ ತೆಗೆದು ನೇರವಾಗಿ ಡೆಸಿಕೇಟರ್‌ಗೆ ಸೇರಿಸಿ. ಕೈಬಿಸಿಗೆ ಬಂದ ಕೂಡಲೇ ತೂಗಿ. ಮಾರನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಎಚ್ಚರಿಕೆಯ ಚಿಹ್ನೆ: ತೂಕಯಂತ್ರದ ಕೊನೆಯ ಅಂಕಿಗಳನ್ನು ಒಂದು ನಿಮಿಷ ನೋಡುತ್ತಾ ನಿಲ್ಲಿ. ಸಂಖ್ಯೆ ನಿಧಾನವಾಗಿ, ಹಿಂತಿರುಗದೆ ಏರುತ್ತಲೇ ಇದ್ದರೆ ಪುಡಿ ನಿಮ್ಮ ಕಣ್ಣೆದುರೇ ನೀರು ಕುಡಿಯುತ್ತಿದೆ. ಪುಡಿ ಪೂರ್ತಿ ಆರದೆ ಬಿಸಿಯಾಗಿಯೇ ಇದ್ದರೂ ಅಂಕಿ ಏರಬಹುದು, ಆದರೆ ಪುಡಿ ಆರಿದ ಮೇಲೆ ಆ ಏರಿಕೆ ನಿಲ್ಲುತ್ತದೆ. ಏರುವ ತೂಕವನ್ನು ಬರೆದುಕೊಳ್ಳಬೇಡಿ. ಮತ್ತೆ ಕಾಯಿಸಿ.

## ಹಂತ 2: ತೂಕ

5 ಗ್ರಾಂ ಶುದ್ಧ ಲ್ಯಾಂಥನಂ ಕ್ಯುಪ್ರೇಟಿಗೆ ಬೇಕಾದದ್ದು ಲ್ಯಾಂಥನಂ ಆಕ್ಸೈಡ್ 4.0188 ಗ್ರಾಂ, ತಾಮ್ರದ ಆಕ್ಸೈಡ್ 0.9812 ಗ್ರಾಂ. ಮೊದಲು ಲ್ಯಾಂಥನಂ ತೂಗಿ, ಬಂದ ತೂಕಕ್ಕೆ ಸರಿಯಾಗಿ ತಾಮ್ರವನ್ನು ಲೆಕ್ಕ ಹಾಕಿ ಹೊಂದಿಸಿ. ನಿಖರವಾಗಿ 4.0188 ಬರಲಿ ಎಂದು ಪುಡಿಯನ್ನು ತೆಗೆಯುತ್ತಾ ಹಾಕುತ್ತಾ ಕುಳಿತರೆ ಅಷ್ಟರಲ್ಲಿ ತೇವ ಸೇರುತ್ತದೆ.

ತಾಮ್ರದ ಆಕ್ಸೈಡಿಗೆ ತೇವದ ಕಾಟ ಅಷ್ಟಿಲ್ಲ. ಒಮ್ಮೆ 500 ಡಿಗ್ರಿಯಲ್ಲಿ ಕಾಯಿಸಿಟ್ಟುಕೊಂಡರೆ ಸಾಕು.

## ಹಂತ 3: ಅರೆಯುವುದು, ಸುಡುವುದು, ಮತ್ತೆ ಅರೆಯುವುದು

ಎರಡೂ ಪುಡಿಗಳನ್ನು ಅಗೇಟ್ ಮಾರ್ಟರ್‌ನಲ್ಲಿ ಅಸಿಟೋನ್ ಹನಿಸಿಕೊಂಡು ಮುಕ್ಕಾಲು ಗಂಟೆ ಅರೆಯಿರಿ. ಬಿಳಿ ಚುಕ್ಕೆಗಳು ಮಾಯವಾಗಿ ಎಲ್ಲೆಡೆ ಒಂದೇ ಬೂದು ಬಣ್ಣ ಬರಬೇಕು. ಮಾರ್ಟರ್‌ನ ಅಂಚಿಗೆ ಅಂಟಿದ ಪುಡಿಯನ್ನು ಆಗಾಗ ನಡುವಿಗೆ ತಳ್ಳಿ. ಅಂಚಿನ ಪುಡಿ ಸರಿಯಾಗಿ ಬೆರೆಯದೆ ಉಳಿದು ಕೊನೆಗೆ ಅದೇ ಕಲ್ಮಶವಾಗಿ ಕಾಣಿಸಿಕೊಳ್ಳುತ್ತದೆ.

ಮೊದಲ ಸುಡುವಿಕೆ 900ರಿಂದ 950 ಡಿಗ್ರಿ, 24 ಗಂಟೆ, ಗಾಳಿಯಲ್ಲಿ. ಅವಸರಪಟ್ಟು ನೇರವಾಗಿ 1050ಕ್ಕೆ ಏರಿಸಬೇಡಿ. ಗಾಳಿಯಲ್ಲಿ ಸುಮಾರು 1030 ಡಿಗ್ರಿ ದಾಟಿದರೆ ಇನ್ನೂ ವರ್ತಿಸದೆ ಉಳಿದ ತಾಮ್ರದ ಆಕ್ಸೈಡ್ ಆಮ್ಲಜನಕ ಕಳೆದುಕೊಂಡು ಕೆಂಪು ಆಕ್ಸೈಡ್ ಆಗುತ್ತದೆ, ಕರಗಿ ಮೂಸೆಯ ಗೋಡೆಗೆ ಇಂಗುತ್ತದೆ. ಹೊರತೆಗೆದ ಮೂಸೆಯ ಒಳಗೆ ಕಪ್ಪು ಅಥವಾ ಹಸಿರು ಕಲೆ ಕಂಡರೆ ನಿಮ್ಮ ತಾಮ್ರದ ಒಂದು ಪಾಲು ಅಲ್ಲಿಗೆ ಹೋಗಿದೆ. ಆ ಪುಡಿಯನ್ನು ಬಿಟ್ಟುಬಿಡಿ.

ಮತ್ತೆ ಅರೆದು 1000 ಡಿಗ್ರಿಯಲ್ಲಿ 24 ಗಂಟೆ. ಮತ್ತೊಮ್ಮೆ ಅರೆದು, 10 ಮಿಲಿಮೀಟರ್ ವ್ಯಾಸದ ಪೆಲೆಟ್ ಒತ್ತಿ, 1050 ಡಿಗ್ರಿಯಲ್ಲಿ 36ರಿಂದ 48 ಗಂಟೆ. ಪೆಲೆಟ್ಟನ್ನು ಮೂಸೆಯ ಮೇಲೆ ನೇರವಾಗಿ ಇಡದೆ ಅದೇ ಪುಡಿಯ ತೆಳುವಾದ ಹಾಸಿನ ಮೇಲೆ ಇಡಿ, ಅಲ್ಯುಮಿನಿಯಂ ಒಳಗೆ ನುಸುಳುವುದಿಲ್ಲ. ಡೈ ಸ್ಟೀಲಿನದಾದ್ದರಿಂದ ಪೆಲೆಟ್‌ನ ಹೊರಮೈಯನ್ನು ಆಮೇಲೆ ಅಗೇಟ್ ಅಂಚಿನಿಂದ ಕೆರೆದು ತೆಗೆಯಬೇಕು.

ಎಚ್ಚರಿಕೆಯ ಚಿಹ್ನೆ: ಹೊರಗಿಟ್ಟ ಪೆಲೆಟ್ ಕೆಲವು ದಿನಗಳಲ್ಲಿ ಅಂಚಿನಿಂದ ಉದುರಲು ತೊಡಗಿ, ಬಿಳಿಪುಡಿ ಕಾಣಿಸಿಕೊಂಡು, ಕೊನೆಗೆ ಕುಸಿದರೆ ಒಳಗೆ ವರ್ತಿಸದ ಲ್ಯಾಂಥನಂ ಆಕ್ಸೈಡ್ ಇದೆ. ಅದು ತೇವ ಹೀರಿ ಉಬ್ಬುತ್ತಿದೆ. ಒಳ್ಳೆಯ ಪೆಲೆಟ್ ಕಪ್ಪಾಗಿ, ಗಟ್ಟಿಯಾಗಿ ಉಳಿಯುತ್ತದೆ.

## ಹಂತ 4: ಎಕ್ಸ್-ಕಿರಣದಲ್ಲಿ ಏನನ್ನು ನೋಡಬೇಕು

ಬಹಳ ಮಂದಿ ಇಲ್ಲಿ ಪ್ರಮಾಣಿತ ಚಿತ್ರದ ಜೊತೆ ಹೋಲಿಸಿ, ಎಲ್ಲ ಗೆರೆಗಳೂ ಹೊಂದಿದವು ಎಂದು ಮುಂದೆ ಹೋಗುತ್ತಾರೆ. ಅಷ್ಟು ಸಾಲದು. ಮೂರು ಜಾಗಗಳನ್ನು ಹತ್ತಿರದಿಂದ ನೋಡಬೇಕು. ಕೆಳಗಿನ ಕೋನಗಳೆಲ್ಲ ತಾಮ್ರದ ನಳಿಕೆಯಿಂದ ಬರುವ 1.54 ಆಂಗ್‌ಸ್ಟ್ರಾಮ್ ತರಂಗಾಂತರಕ್ಕೆ.

ಮೊದಲನೆಯದು 33 ಡಿಗ್ರಿಯ ಜೋಡಿ ಗೆರೆ. ಶುದ್ಧ ಲ್ಯಾಂಥನಂ ಕ್ಯುಪ್ರೇಟಿನಲ್ಲಿ ಕೋಣೆಯ ಉಷ್ಣತೆಯಲ್ಲಿ ಎರಡು ಅಕ್ಷಗಳು ಸಮವಲ್ಲ: ಒಂದು 5.36, ಇನ್ನೊಂದು 5.40 ಆಂಗ್‌ಸ್ಟ್ರಾಮ್. ಹೀಗಾಗಿ 33.15 ಮತ್ತು 33.4ರಲ್ಲಿ ಎರಡು ಬೇರೆ ಬೇರೆ ಗೆರೆಗಳು ಕಾಣಬೇಕು. ಅಷ್ಟಮುಖಿಗಳ ವಾಲಿಕೆ ಇದೆ ಎಂಬುದಕ್ಕೆ ಇದೇ ಸಾಕ್ಷಿ, ಮತ್ತು ವಾಲಿಕೆ ಇಲ್ಲದೆ ನೀಲ್ ಶೃಂಗ ಇಲ್ಲ. ಎರಡು ಗೆರೆಗಳು ಸೇರಿ ಒಂದೇ ದಪ್ಪ ಗೆರೆಯಾಗಿದ್ದರೆ ಮಾದರಿ ಏಕರೂಪವಾಗಿಲ್ಲ. ಮತ್ತೆ ಅರೆದು ಸುಡಿ.

ಎರಡನೆಯದು 35.5 ಮತ್ತು 38.7 ಡಿಗ್ರಿ. ಅಲ್ಲಿ ತಾಮ್ರದ ಆಕ್ಸೈಡ್ ಕಾಣಿಸಿದರೆ ಹಂತ 1ರಲ್ಲಿ ಲ್ಯಾಂಥನಂ ಕಡಿಮೆ ಬಿದ್ದಿದೆ ಎಂದರ್ಥ. ತಾಮ್ರದ ಆಕ್ಸೈಡ್ ಸ್ವತಃ ಆಂಟಿಫೆರೋಮ್ಯಾಗ್ನೆಟ್, 213 ಮತ್ತು 230 ಕೆಲ್ವಿನ್‌ಗಳಲ್ಲಿ ಅದರ ಕಾಂತಕ್ರಮ ಬದಲಾಗುತ್ತದೆ. ಆ ಪ್ರದೇಶದಲ್ಲಿ ಕಾಣುವ ಸಣ್ಣ ಬಾಗನ್ನು ನಿಮ್ಮ ಮಾದರಿಯದೆಂದು ಭ್ರಮಿಸುವ ಅಪಾಯವಿದೆ.

ಮೂರನೆಯದು 30 ಡಿಗ್ರಿಯ ಆಸುಪಾಸು, ವರ್ತಿಸದ ಲ್ಯಾಂಥನಂ ಆಕ್ಸೈಡಿಗಾಗಿ. ಮುಖ್ಯ ಗೆರೆ 31ರಲ್ಲೇ ಇರುವುದರಿಂದ ಅದರ ಬುಡದಲ್ಲಿ ಇದು ಅಡಗಿಕೊಳ್ಳುತ್ತದೆ. ನಿಧಾನವಾಗಿ ಅಳೆಯಿರಿ.

ಎಕ್ಸ್-ಕಿರಣ ಹೇಳದ ಸಂಗತಿಯೂ ಒಂದಿದೆ: ಆಮ್ಲಜನಕ 4.00 ಇದೆಯೋ 4.01 ಇದೆಯೋ ಎಂಬುದನ್ನು ಅದು ಸಾಮಾನ್ಯ ಅಳತೆಯಲ್ಲಿ ತೋರಿಸಲಾರದು. "ಚಿತ್ರ ಸರಿಯಾಗಿದೆ, ಶೃಂಗ ಮಾತ್ರ ಇಲ್ಲ" ಎಂಬ ದೂರಿನ ಮೂಲ ಇದೇ.

## ಹಂತ 5: ಹೆಚ್ಚುವರಿ ಆಮ್ಲಜನಕವನ್ನು ಹೊರಹಾಕುವುದು

ಗಾಳಿಯಲ್ಲಿ ಸುಟ್ಟು ಕುಲುಮೆಯಲ್ಲೇ ನಿಧಾನವಾಗಿ ಆರಲು ಬಿಟ್ಟ ಪೆಲೆಟ್, ತಣ್ಣಗಾಗುತ್ತಾ ಆಮ್ಲಜನಕವನ್ನು ಒಳಗೆಳೆದುಕೊಳ್ಳುತ್ತದೆ. ಈ ಆಮ್ಲಜನಕ ಲ್ಯಾಂಥನಂ ಪದರಗಳ ನಡುವಿನ ಖಾಲಿ ಜಾಗಗಳಲ್ಲಿ ಕೂರುತ್ತದೆ. ಅಂಥ ಮಾದರಿಯ ನೀಲ್ ತಾಪಮಾನ 325 ಇರದೆ 250ರ ಸುತ್ತಮುತ್ತ, ಕೆಲವೊಮ್ಮೆ ಇನ್ನೂ ಕೆಳಗೆ ಬರುತ್ತದೆ. ಶೃಂಗವೂ ಅಗಲವಾಗಿ ಚಪ್ಪಟೆಯಾಗುತ್ತದೆ.

ಇದನ್ನು ಸರಿಪಡಿಸಲು ಪೆಲೆಟ್ಟನ್ನು ಕೊಳವೆ ಕುಲುಮೆಯಲ್ಲಿಟ್ಟು ಕೊಳವೆಯನ್ನು ಮೂರು ಸಲ ನಿರ್ವಾತ ಮಾಡಿ ಆರ್ಗಾನ್ ತುಂಬಿ. ಆಮೇಲೆ ಆರ್ಗಾನ್ ಸಣ್ಣಗೆ ಹರಿಯುತ್ತಿರುವಂತೆ 600 ಡಿಗ್ರಿಗೆ ಏರಿಸಿ ಒಂದು ದಿನ ಬಿಡಿ. ಇಳಿಸುವಾಗಲೂ ಆರ್ಗಾನ್ ಹರಿಯುತ್ತಲೇ ಇರಬೇಕು, 100 ಡಿಗ್ರಿಗಿಂತ ಕೆಳಗೆ ಬರುವವರೆಗೂ. ಇಡೀ ದಿನ ಸರಿಯಾಗಿ ಕಾಯಿಸಿ, 400 ಡಿಗ್ರಿಯಲ್ಲಿ ಅನಿಲ ನಿಲ್ಲಿಸಿ ಕೊಳವೆ ತೆರೆದುಬಿಡುವವರನ್ನು ನೋಡಿದ್ದೇನೆ. ಆ ಉಷ್ಣತೆಯಲ್ಲಿ ಆಮ್ಲಜನಕ ಸಲೀಸಾಗಿ ಒಳಗೆ ಹೋಗುತ್ತದೆ. ಇಡೀ ದಿನದ ಕೆಲಸ ಆ ಒಂದು ಗಂಟೆಯಲ್ಲಿ ನೀರುಪಾಲು.

ಹೈಡ್ರೋಜನ್ ಬೆರೆತ ಅನಿಲ ಬಳಸಬೇಡಿ. ಅದು ಹೆಚ್ಚುವರಿ ಆಮ್ಲಜನಕದ ಜೊತೆಗೆ ಸೂತ್ರದೊಳಗಿನ ಆಮ್ಲಜನಕವನ್ನೂ ಕಸಿದುಕೊಂಡು ವಸ್ತುವನ್ನೇ ಒಡೆಯುತ್ತದೆ.

ಫಲಿತಾಂಶವನ್ನು ಪರೀಕ್ಷಿಸುವ ಸುಲಭ ಉಪಾಯ ತೂಕ. ಆಮ್ಲಜನಕದ ಪಾಲು 0.01ರಷ್ಟು ಇಳಿದರೆ 1 ಗ್ರಾಂ ಪೆಲೆಟ್ 0.4 ಮಿಲಿಗ್ರಾಂ ಹಗುರಾಗುತ್ತದೆ. ನಿಮ್ಮ ತೂಕಯಂತ್ರಕ್ಕೆ ಇದು ಕಾಣುವಷ್ಟಿದೆ, ಆದರೆ ಅಷ್ಟೇ. ಆದ್ದರಿಂದ 3 ಗ್ರಾಂ ಇಟ್ಟು ಅಳೆಯುವುದು ಒಳ್ಳೆಯದು. ಅಯೋಡಿನ್ ಟೈಟ್ರೇಷನ್ (ಆಮ್ಲಜನಕದ ಪ್ರಮಾಣವನ್ನು ರಾಸಾಯನಿಕವಾಗಿ ಅಳೆಯುವ ವಿಧಾನ) ಮಾಡಬಹುದಾದರೂ ಅದರ ತಪ್ಪಿನ ಮಿತಿಯೇ ಸಾಮಾನ್ಯವಾಗಿ 0.01ರ ಹತ್ತಿರ ಇರುತ್ತದೆ. ನೀಲ್ ತಾಪಮಾನವೇ ಆಮ್ಲಜನಕದ ಅತ್ಯುತ್ತಮ ಅಳತೆಗೋಲು ಎಂದು ನಾನು ನಂಬುತ್ತೇನೆ. ಟೈಟ್ರೇಷನ್ ಮೇಲೆ ವಾರಗಟ್ಟಲೆ ಕಳೆಯುವ ಬದಲು ಒಂದೇ ಪೆಲೆಟ್ಟನ್ನು ಎರಡು ತುಂಡು ಮಾಡಿ, ಒಂದನ್ನು ಗಾಳಿಯಲ್ಲಿ ಸುಟ್ಟಂತೆಯೇ, ಇನ್ನೊಂದನ್ನು ಆರ್ಗಾನ್‌ನಲ್ಲಿ ಕಾಯಿಸಿ, ಎರಡನ್ನೂ ಅಳೆಯಿರಿ. ಶೃಂಗ ಮೇಲಕ್ಕೆ ಸರಿದಿದ್ದರೆ ಕೆಲಸ ಆಗಿದೆ.

## ಹಂತ 6: ಮಾದರಿಯನ್ನು ಹಿಡಿಕೆಗೆ ಕೂರಿಸುವುದು

ಹೊರಮೈ ಕೆರೆದ ಪೆಲೆಟ್‌ನಿಂದ 150ರಿಂದ 200 ಮಿಲಿಗ್ರಾಂ ತುಂಡು ತೆಗೆದುಕೊಳ್ಳಿ. ಅದು ಅಲುಗಾಡದಂತೆ ಟೆಫ್ಲಾನ್ ಟೇಪಿನಿಂದ ಬಿಗಿಯಾಗಿ ಸುತ್ತಿ. ಪ್ಲಾಸ್ಟಿಕ್ ಸ್ಟ್ರಾ ಕೋಣೆಯ ಉಷ್ಣತೆಗಿಂತ ಮೇಲೆ ಮೆತ್ತಗಾಗುತ್ತದೆ. ನಮಗೆ 350 ಕೆಲ್ವಿನ್‌ವರೆಗೆ ಹೋಗಬೇಕಾದ್ದರಿಂದ ಕ್ವಾರ್ಟ್ಜ್ ಹಿಡಿಕೆಯೇ ಸೂಕ್ತ. ಬರೀ ಹಿಡಿಕೆಯನ್ನು ಮಾದರಿಯಿಲ್ಲದೆ ಒಮ್ಮೆ ಅಳೆದಿಟ್ಟುಕೊಳ್ಳಿ, ಆಮೇಲೆ ಕಳೆಯಬೇಕಾಗುತ್ತದೆ.

## ಹಂತ 7: ಅಳತೆಯ ಅನುಕ್ರಮ

ಮೊದಲು 300 ಕೆಲ್ವಿನ್‌ನಲ್ಲಿ ಕ್ಷೇತ್ರವನ್ನು ಸೊನ್ನೆಯಿಂದ 5 ಟೆಸ್ಲಾವರೆಗೆ ಏರಿಸಿ ಕಾಂತೀಕರಣ ಅಳೆಯಿರಿ. ಎತ್ತರದ ಕ್ಷೇತ್ರದ ಭಾಗವನ್ನು ಹಿಂದಕ್ಕೆ ಎಳೆದರೆ ಆ ಗೆರೆ ಸೊನ್ನೆಯ ಮೂಲಕ ಹೋಗಬೇಕು. ಕೆಳಗಿನ ಕ್ಷೇತ್ರದಲ್ಲಿ ಇಂಗ್ಲಿಷಿನ ಎಸ್ ಆಕಾರದ ಬಾಗು ಕಂಡರೆ ಒಳಗೆ ಕಬ್ಬಿಣ ಇದೆ. ಮಾದರಿಯನ್ನು ತೆಗೆದು ಇನ್ನೊಂದು ತುಂಡು ಹಾಕಿ. ಬಾಗು ಚಿಕ್ಕದಾಗಿದ್ದರೆ 2 ಟೆಸ್ಲಾಗಿಂತ ಮೇಲಿನ ಇಳಿಜಾರನ್ನು ಮಾತ್ರ ಬಳಸಬಹುದು.

ನಂತರ ಕ್ಷೇತ್ರವಿಲ್ಲದೆ 5 ಕೆಲ್ವಿನ್‌ಗೆ ತಂಪು ಮಾಡಿ, 1 ಟೆಸ್ಲಾ ಕ್ಷೇತ್ರ ಕೊಟ್ಟು, ನಿಮಿಷಕ್ಕೆ 2 ಕೆಲ್ವಿನ್‌ನಂತೆ ಏರಿಸುತ್ತಾ ಅಳೆಯಿರಿ. 350ಕ್ಕೆ ಮೊದಲು ನಿಲ್ಲಿಸಬೇಡಿ. ಅಭ್ಯಾಸಬಲದಿಂದ 300ಕ್ಕೆ ನಿಲ್ಲಿಸುವುದು ಬಹಳ ಸಾಮಾನ್ಯ. ಹಂತ 5ನ್ನು ಚೆನ್ನಾಗಿ ಮಾಡಿದವರಿಗೇ ಇದು ಹೆಚ್ಚು ಹೊಡೆತ ಕೊಡುತ್ತದೆ, ಏಕೆಂದರೆ ಅವರ ಶೃಂಗ 315 ಅಥವಾ 320ರಲ್ಲಿದೆ, ಅಳತೆ ಅದಕ್ಕೆ ಸ್ವಲ್ಪ ಮೊದಲೇ ಮುಗಿದಿದೆ. ಅವರು ಒಳ್ಳೆಯ ಮಾದರಿಯನ್ನು ಕೆಟ್ಟದ್ದೆಂದು ಬಿಸಾಡುತ್ತಾರೆ.

## ಹಂತ 8: ರೇಖೆಯನ್ನು ಓದುವುದು

ನೀಲ್ ಶೃಂಗ ಎಂದರೆ ಕೆಲವು ಹತ್ತು ಕೆಲ್ವಿನ್ ಅಗಲದೊಳಗೆ ಏರಿ ಇಳಿಯುವ ಚೂಪಾದ ತುದಿ. ಅದರ ತುದಿಯ ಬಿಂದುವೇ ನೀಲ್ ತಾಪಮಾನ. ಶೃಂಗದ ಕೆಳಬದಿಯಲ್ಲಿ ರೇಖೆ ಇಳಿದು ಬಹುತೇಕ ಸಮತಟ್ಟಾಗುತ್ತದೆ, ತೀರಾ ತಂಪಿನಲ್ಲಿ ಮತ್ತೆ ಸ್ವಲ್ಪ ಏರುತ್ತದೆ. ಆ ಕೊನೆಯ ಏರಿಕೆ ಬಿಡಿ ಸ್ಪಿನ್‌ಗಳಿಂದ, ಕಲ್ಮಶಗಳಿಂದ ಬರುವುದು. ಅದನ್ನು ಕ್ರಮಕ್ಕೆ ತಳುಕು ಹಾಕಬೇಡಿ.

ಲೆಕ್ಕ ಬರೆಯುವಾಗ ವಸ್ತುವಿನ ಒಳಗಿನ ಮುಚ್ಚಿದ ಇಲೆಕ್ಟ್ರಾನ್ ಚಿಪ್ಪುಗಳ ಪ್ರತಿಕಾಂತತೆಯನ್ನು ಸರಿಪಡಿಸಬೇಕು. ಅದು ಮೋಲಿಗೆ ಸುಮಾರು −1×10⁻⁴ ಇಎಂಯು, ಅಂದರೆ ನೀವು ಅಳೆಯುತ್ತಿರುವ ಸಂಕೇತದಷ್ಟೇ ದೊಡ್ಡದು. ಇದನ್ನು ಬಿಟ್ಟರೆ ಶೃಂಗದ ಸ್ಥಾನ ಕೆಡುವುದಿಲ್ಲ, ಆದರೆ ಎತ್ತರದ ಬಗ್ಗೆ ನೀವು ಹೇಳುವುದೆಲ್ಲ ತಪ್ಪಾಗುತ್ತದೆ.

ದಾರಿ ತಪ್ಪಿಸುವ ಕೆಲವು ರೂಪಗಳಿವೆ.

50 ಕೆಲ್ವಿನ್ ಸುತ್ತ ಸಣ್ಣ ಉಬ್ಬು: ಇದು ಮಾದರಿಯದಲ್ಲ, ಮಾದರಿ ಇಡುವ ಯಂತ್ರದ ಕೋಣೆಯೊಳಗೆ ಸೋರಿ ಹೆಪ್ಪುಗಟ್ಟಿದ ಆಮ್ಲಜನಕದ್ದು. ಘನ ಆಮ್ಲಜನಕ 54 ಕೆಲ್ವಿನ್‌ನಲ್ಲಿ ಕರಗುತ್ತದೆ, 44ರ ಬಳಿ ಅದರ ಕಾಂತಸ್ಥಿತಿಯೂ ಬದಲಾಗುತ್ತದೆ. ಹೀಲಿಯಂನಿಂದ ಕೋಣೆಯನ್ನು ಮತ್ತೆ ಮತ್ತೆ ತೊಳೆದು ಸೋರಿಕೆ ಹುಡುಕಿ.

250ರ ಬಳಿ ಶೃಂಗ, ಜೊತೆಗೆ ಸಣ್ಣ ಕ್ಷೇತ್ರದಲ್ಲಿ ಅಳೆದರೆ 35 ಕೆಲ್ವಿನ್‌ಗಿಂತ ಕೆಳಗೆ ಋಣಾತ್ಮಕ ಕುಸಿತ: ಇದು ಕುತೂಹಲಕರ ಸಂಗತಿ. ಹೆಚ್ಚುವರಿ ಆಮ್ಲಜನಕ ಇರುವ ಲ್ಯಾಂಥನಂ ಕ್ಯುಪ್ರೇಟ್ ತಂಪಾಗುವಾಗ ಎರಡು ಭಾಗವಾಗಿ ಒಡೆಯುತ್ತದೆ. ಆಮ್ಲಜನಕ ಕಡಿಮೆ ಇರುವ ಭಾಗ ಆಂಟಿಫೆರೋಮ್ಯಾಗ್ನೆಟ್, ಹೆಚ್ಚು ಇರುವ ಭಾಗ ಅತಿವಾಹಕ, ಅಂದರೆ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವಂಥದ್ದು. ಒಂದೇ ಪೆಲೆಟ್‌ನಲ್ಲಿ ಎರಡೂ. ಇದನ್ನು ಅತಿವಾಹಕತೆ ಮತ್ತು ಕಾಂತಕ್ರಮ ಒಂದೇ ಜಾಗದಲ್ಲಿ ಕೂಡಿ ಬಾಳುತ್ತಿವೆ ಎಂದು ವರದಿ ಮಾಡಿಬಿಡಬೇಡಿ. ಹಂತ 5ಕ್ಕೆ ಹಿಂತಿರುಗಿ.

ಶೃಂಗವೇ ಇಲ್ಲ, ರೇಖೆ ಚಪ್ಪಟೆ: ಮೊದಲು 33 ಡಿಗ್ರಿಯ ಜೋಡಿ ಗೆರೆಯನ್ನು, ಆಮೇಲೆ ಆರ್ಗಾನ್‌ನ ಶುದ್ಧತೆಯನ್ನು, ಕೊನೆಗೆ ತೂಕದ ಪುಸ್ತಕವನ್ನು ಪರೀಕ್ಷಿಸಿ. ಈ ಅನುಕ್ರಮದಲ್ಲೇ.

## ಹಂತ 9: ಸ್ಟ್ರಾಂಷಿಯಂ ಸೇರಿಸಿ ಕ್ರಮ ಅಳಿಯುವುದನ್ನು ನೋಡುವುದು

ಶುದ್ಧ ಮಾದರಿಯಲ್ಲಿ 310ಕ್ಕಿಂತ ಮೇಲೆ ಶೃಂಗ ಸಿಕ್ಕ ಮೇಲೆಯೇ ಇಲ್ಲಿಗೆ ಬನ್ನಿ. ಲ್ಯಾಂಥನಂ ಬದಲು ಕೂತ ಪ್ರತಿ ಸ್ಟ್ರಾಂಷಿಯಂ ಒಂದು ಹೋಲ್ ಕೊಡುತ್ತದೆ. ನಾಲ್ಕು ಮಾದರಿಗಳ ಸರಣಿ ಸಾಕು: ಸೂತ್ರದಲ್ಲಿ, ಒಂದು ತಾಮ್ರಕ್ಕೆ, ಸ್ಟ್ರಾಂಷಿಯಂ 0, 0.01, 0.04, 0.15.

0.01ರ ಮಾದರಿಯಲ್ಲಿ ಶೃಂಗ ಉಳಿದಿರುತ್ತದೆ, ಆದರೆ ಬಹಳ ಕೆಳಗಿಳಿದಿರುತ್ತದೆ. ಇದನ್ನು ತೂಗುವುದೇ ಕಷ್ಟ. 5 ಗ್ರಾಂ ಮಾದರಿಗೆ ಸ್ಟ್ರಾಂಷಿಯಂ ಕಾರ್ಬೊನೇಟ್ ಬೇಕಾಗುವುದು ಕೇವಲ 18.2 ಮಿಲಿಗ್ರಾಂ. ಕಾಗದದ ಮಡಿಕೆಯಲ್ಲಿ 2 ಮಿಲಿಗ್ರಾಂ ಉಳಿದುಬಿಟ್ಟರೆ ಒಂಬತ್ತರಲ್ಲಿ ಒಂದು ಪಾಲು ಹೋಯಿತು. 10 ಗ್ರಾಂ ತಯಾರಿಸಿ, ಕಾಗದವನ್ನು ಮಾರ್ಟರ್‌ನೊಳಗೆ ಅಸಿಟೋನ್‌ನಿಂದ ತೊಳೆಯಿರಿ.

0.04ರಲ್ಲಿ ದೂರವ್ಯಾಪಿ ಕ್ರಮವೂ ಇಲ್ಲ, ಅತಿವಾಹಕತೆಯೂ ಇಲ್ಲ. 0.1 ಟೆಸ್ಲಾ ಅಥವಾ ಅದಕ್ಕೂ ಸಣ್ಣ ಕ್ಷೇತ್ರದಲ್ಲಿ, ಕ್ಷೇತ್ರವಿಲ್ಲದೆ ತಂಪು ಮಾಡಿದ ರೇಖೆಯೂ ಕ್ಷೇತ್ರದಲ್ಲಿ ತಂಪು ಮಾಡಿದ ರೇಖೆಯೂ 10 ಕೆಲ್ವಿನ್‌ಗಿಂತ ಕೆಳಗೆ ಕವಲೊಡೆಯುತ್ತವೆ. ಸ್ಪಿನ್‌ಗಳು ಅಡ್ಡಾದಿಡ್ಡಿಯಾಗಿ ಹೆಪ್ಪುಗಟ್ಟಿದ ಸ್ಪಿನ್ ಗಾಜಿನ ಸ್ಥಿತಿ ಇದು. ಇದನ್ನು ಕಾಣಬೇಕಾದರೆ 2 ಕೆಲ್ವಿನ್‌ವರೆಗೆ ಇಳಿಯಲೇಬೇಕು.

0.15ಕ್ಕೆ 5 ಗ್ರಾಂ ಲೆಕ್ಕ: ಲ್ಯಾಂಥನಂ ಆಕ್ಸೈಡ್ 3.7893, ಸ್ಟ್ರಾಂಷಿಯಂ ಕಾರ್ಬೊನೇಟ್ 0.2784, ತಾಮ್ರದ ಆಕ್ಸೈಡ್ 1.0002 ಗ್ರಾಂ. ಇಲ್ಲಿ ಆಮ್ಲಜನಕದ ನಿಯಮ ತಿರುವುಮುರುವಾಗುತ್ತದೆ. ಸ್ಟ್ರಾಂಷಿಯಂ ಹೆಚ್ಚಾದಾಗ ಆಮ್ಲಜನಕ ಕೊರತೆಯಾಗುವ ಭಯ ಇರುವುದರಿಂದ ಕೊನೆಯ ಕಾಯಿಸುವಿಕೆ ಆರ್ಗಾನ್‌ನಲ್ಲಿ ಅಲ್ಲ, ಹರಿಯುವ ಆಮ್ಲಜನಕದಲ್ಲಿ, 500 ಡಿಗ್ರಿಯಲ್ಲಿ, ನಿಧಾನವಾಗಿ ಇಳಿಸುತ್ತಾ. ಅಭ್ಯಾಸದಿಂದ ಎಲ್ಲ ಮಾದರಿಗಳನ್ನೂ ಒಟ್ಟಿಗೆ ಆರ್ಗಾನ್‌ಗೆ ತಳ್ಳಬೇಡಿ. 33 ಡಿಗ್ರಿಯ ಜೋಡಿ ಗೆರೆ ಈ ಮಾದರಿಯಲ್ಲಿ ಕೋಣೆಯ ಉಷ್ಣತೆಯಲ್ಲಿ ಒಂದೇ ಆಗಿರಬೇಕು, ಅದು ದೋಷವಲ್ಲ.

ಅಳತೆ 10ರಿಂದ 20 ಅರ್ಸ್ಟೆಡ್ (ಟೆಸ್ಲಾಗಿಂತ ತುಂಬಾ ಸಣ್ಣ ಏಕಮಾನ) ಕ್ಷೇತ್ರದಲ್ಲಿ. 36ರಿಂದ 38 ಕೆಲ್ವಿನ್‌ನಲ್ಲಿ ಕುಸಿತ ಶುರುವಾಗಬೇಕು. ಅದಕ್ಕೂ ಮೊದಲು ಕಾಂತದಲ್ಲಿ ಉಳಿದಿರುವ ಕ್ಷೇತ್ರವನ್ನು ತೊಲಗಿಸಿ. 5 ಟೆಸ್ಲಾ ಅಳತೆ ಆದ ಮೇಲೆ ಸೊನ್ನೆ ಎಂದು ಪರದೆ ತೋರಿಸಿದರೂ ಅತಿವಾಹಕ ಸುರುಳಿಯಲ್ಲಿ ಹತ್ತಾರು ಅರ್ಸ್ಟೆಡ್ ಉಳಿದಿರಬಹುದು, ಅದೂ ವಿರುದ್ಧ ದಿಕ್ಕಿನಲ್ಲಿ. ಆಗ ಅತಿವಾಹಕದ ಸಂಕೇತ ಧನಾತ್ಮಕವಾಗಿ ಕಂಡು ಗಾಬರಿ ಹುಟ್ಟಿಸುತ್ತದೆ. ಕ್ಷೇತ್ರವನ್ನು ಆಚೀಚೆ ಆಡಿಸುತ್ತಾ ಸೊನ್ನೆಗೆ ತನ್ನಿ.

ಇದೇ 0.15ರ ಮಾದರಿಯನ್ನು 1 ಟೆಸ್ಲಾದಲ್ಲಿ ಮೇಲಿನವರೆಗೆ ಅಳೆದರೆ ಕಾಂತಪ್ರವೃತ್ತಿ ಉಷ್ಣತೆಯ ಜೊತೆ ನಿಧಾನವಾಗಿ ಏರುತ್ತಾ ಹೋಗಿ ವಿಶಾಲವಾದ ಗುಡ್ಡದ ಕಡೆ ಸಾಗುತ್ತದೆ. ಇದು ನೀಲ್ ಶೃಂಗವಲ್ಲ. ಸ್ಪಿನ್‌ಗಳು ಹತ್ತಿರದಲ್ಲಿ ಮಾತ್ರ ಪರಸ್ಪರ ಹೊಂದಿಕೊಂಡಿರುವುದರ ಗುರುತು. ಚೂಪಾದ ತುದಿ ಇಲ್ಲದ ಕಡೆ ನೀಲ್ ತಾಪಮಾನ ಬರೆಯಲೇಬೇಡಿ. ಸರಣಿಯ ಕೋಷ್ಟಕದಲ್ಲಿ ಒಂದು ಮನೆ ಖಾಲಿ ಉಳಿದರೆ ಉಳಿಯಲಿ.

## ಹಂತ 10: ನ್ಯೂಟ್ರಾನ್ ಅಥವಾ ಮ್ಯುಆನ್‌ಗೆ ಯಾವಾಗ ಹೋಗಬೇಕು

ಮ್ಯಾಗ್ನೆಟೋಮೀಟರ್ ಇಡೀ ತುಂಡಿನ ಒಟ್ಟು ಉತ್ತರ ಕೊಡುತ್ತದೆ. ಸ್ಪಿನ್‌ಗಳು ಯಾವ ದಿಕ್ಕಿಗೆ, ಎಷ್ಟು ದೂರದವರೆಗೆ ಸಾಲುಗಟ್ಟಿವೆ ಎಂದು ಹೇಳುವುದು ನ್ಯೂಟ್ರಾನ್. ಮಾದರಿಯ ಎಷ್ಟು ಭಾಗದಲ್ಲಿ ಕ್ರಮ ಇದೆ ಎಂದು ಹೇಳುವುದು ಮ್ಯುಆನ್, ಅಂದರೆ ಇಲೆಕ್ಟ್ರಾನ್‌ನಂಥದೇ ಆದರೆ ಅದಕ್ಕಿಂತ ಭಾರವಾದ ಕಣ. ಹಂತ 8ರಲ್ಲಿ ಹೇಳಿದ ಎರಡು ಭಾಗದ ಒಡಕನ್ನು ಬಿಡಿಸಲು ಮ್ಯುಆನ್ ಅತ್ಯುತ್ತಮ. ಶುದ್ಧ ಲ್ಯಾಂಥನಂ ಕ್ಯುಪ್ರೇಟಿನಲ್ಲಿ ಕೆಳ ಉಷ್ಣತೆಯಲ್ಲಿ ಮ್ಯುಆನ್ ಸುಮಾರು 5.8 ಮೆಗಾಹರ್ಟ್ಜ್‌ನಲ್ಲಿ ತಿರುಗುವುದು ಕಾಣುತ್ತದೆ. ಅದಕ್ಕೆ ಬ್ರಿಟನ್ನಿನ ಐಸಿಸ್ ಪ್ರಯೋಗಾಲಯ ಅಥವಾ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಂಥ ಕಡೆ ಸಮಯ ಕೇಳಬೇಕು.

ನ್ಯೂಟ್ರಾನ್‌ಗೆ ನಮ್ಮ ದೇಶದಲ್ಲೇ ಅವಕಾಶವಿದೆ. ಮುಂಬೈಯ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರ್‌ನ ಉಪಕರಣಗಳನ್ನು ವಿಶ್ವವಿದ್ಯಾಲಯಗಳವರು ಯುಜಿಸಿ-ಡಿಎಇ (ವಿಶ್ವವಿದ್ಯಾಲಯ ಅನುದಾನ ಆಯೋಗ ಮತ್ತು ಅಣುಶಕ್ತಿ ಇಲಾಖೆ) ಕನ್ಸಾರ್ಷಿಯಂ ಮೂಲಕ ಬಳಸಬಹುದು. ಆದರೆ ತಾಮ್ರದ ಕಾಂತಮಾನ ಚಿಕ್ಕದು, ಸುಮಾರು ಅರ್ಧ ಬೋರ್ ಮ್ಯಾಗ್ನೆಟಾನ್ (ಪರಮಾಣು ಕಾಂತಗಳನ್ನು ಅಳೆಯುವ ಏಕಮಾನ). ಪುಡಿಯಲ್ಲಿ ಕಾಂತೀಯ ಗೆರೆಗಳು ತೀರಾ ಮಸುಕು. 10 ಗ್ರಾಂ ಆದರೂ ಏಕರೂಪದ ಮಾದರಿ ಬೇಕು, ನೀಲ್ ತಾಪಮಾನದ ಮೇಲೊಮ್ಮೆ ಕೆಳಗೊಮ್ಮೆ ದೀರ್ಘಕಾಲ ಎಣಿಸಿ ಒಂದರಿಂದ ಇನ್ನೊಂದನ್ನು ಕಳೆಯಬೇಕು.

ಸ್ಟ್ರಾಂಷಿಯಂ 0.12ರ ಆಸುಪಾಸಿನಲ್ಲಿ ಸ್ಪಿನ್‌ಗಳು ಪಟ್ಟೆಪಟ್ಟೆಯಾಗಿ ಸಾಲುಗಟ್ಟುವ ಸ್ಥಿತಿಯನ್ನು ಪುಡಿಯ ಕಾಂತೀಕರಣದಲ್ಲಿ ಹುಡುಕಲು ಹೋಗಬೇಡಿ. ಅದು ಒಂಟಿ ಹರಳಿನ ಮೇಲೆ ನ್ಯೂಟ್ರಾನ್ ಹಾಯಿಸಿ ಕಾಣುವಂಥದ್ದು. ಪುಡಿಯಲ್ಲಿ ನಿಮಗೆ ಸಿಗುವ ಸುಳಿವು ಅತಿವಾಹಕ ತಾಪಮಾನದಲ್ಲಿ ಆಗುವ ತಗ್ಗು ಮಾತ್ರ. ಸ್ಟ್ರಾಂಷಿಯಂ ಬದಲು ಬೇರಿಯಂ ಹಾಕಿದರೆ 1/8ರ ಬಳಿ ಆ ತಗ್ಗು ಕೆಲವೇ ಕೆಲ್ವಿನ್‌ವರೆಗೆ ಇಳಿಯುತ್ತದೆ.

ಮಾದರಿಯನ್ನು ಕಳಿಸುವಾಗ ಸೀಸೆಯ ಮೇಲೆ ಹೆಸರು ಮಾತ್ರ ಬರೆದರೆ ಸಾಲದು. ಲ್ಯಾಂಥನಂ ಆಕ್ಸೈಡ್ ಕಾಯಿಸಿದ ದಿನಾಂಕ, ಪ್ರತಿ ಸುಡುವಿಕೆಯ ಉಷ್ಣತೆ ಮತ್ತು ಅವಧಿ, ಕೊನೆಯ ಅನಿಲ, ಅದನ್ನು ನಿಲ್ಲಿಸಿದ ಉಷ್ಣತೆ, ಕಾಯಿಸುವ ಮೊದಲಿನ ಮತ್ತು ನಂತರದ ತೂಕ, ನಿಮ್ಮ ಮ್ಯಾಗ್ನೆಟೋಮೀಟರ್ ಕೊಟ್ಟ ನೀಲ್ ತಾಪಮಾನ: ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಅಲ್ಲಿನ ವಿಜ್ಞಾನಿ ಮೊದಲು ಕೇಳುವುದು ಕೊನೆಯ ಅನಿಲ ಯಾವುದು ಎಂದೇ.